ಮಗಳಿಗೆ ನಾನು ಬಾಯಿಪಾಠ ಮಾಡಿಸಿದ ಹತ್ತು ಕಾರ್ಡು

ಎರಡು ವರ್ಷದ ಹಿಂದೆ, ನನ್ನ ಮಗಳು ಸುಮಾ ಮೂರನೇ ತರಗತಿಯಲ್ಲಿದ್ದಾಗ ನಡೆದದ್ದು. ನಾನು ಹಂಪಸಾಗರದ ಕಡೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಮನೆ ಹಗರಿಬೊಮ್ಮನಹಳ್ಳಿಯಲ್ಲಿ. ವಿಶೇಷ ಅಗತ್ಯವುಳ್ಳ ಮಕ್ಕಳ ತಪಾಸಣಾ ಶಿಬಿರಕ್ಕೆ ಪ್ರತಿ ವರ್ಷ ನಮ್ಮ ಶಾಲೆಯ ಮಕ್ಕಳನ್ನು ಕರೆದೊಯ್ಯುವವನು ನಾನೇ. ಹಿಂಜರಿಯುವ ತಂದೆ ತಾಯಿಗೆ, "ಇದರಾಗ ನಾಚಿಕಿ ಎಂಥದ್ರಿ?" ಎಂದು ಬುದ್ಧಿ ಹೇಳುವವನೂ ನಾನೇ.

ಆ ವರ್ಷ ಸುಮಾಳ ಟೀಚರ್ ಅವಳ ಹೆಸರನ್ನೂ ಪಟ್ಟಿಗೆ ಸೇರಿಸಿದರು. ಮೂರನೇ ತರಗತಿಗೆ ಬಂದರೂ ಅವಳಿಗೆ ಅಕ್ಷರದ ಗುರುತು ಸಿಗುತ್ತಿರಲಿಲ್ಲ. ಈ ಮಗುವಿಗೆ ನೆರವು ಬೇಕು ಎಂದು ಶಿಬಿರದಲ್ಲಿ ಬರೆದುಕೊಟ್ಟರೆ ವಿಶೇಷ ಶಿಕ್ಷಕಿ ಬಂದು ಕಲಿಸುತ್ತಾರೆ, ಇಲ್ಲದಿದ್ದರೆ ಹಿಂದಿನ ಬೆಂಚೇ ಗತಿ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಮೇಷ್ಟ್ರ ಮಗಳೇ ಹೀಗೆ ಅಂತ ಜನ ಆಡಿಕೊಂಡರೆ ಎಂಬ ಭಯ ಹೊಕ್ಕಿತು. ಶಿಬಿರದಲ್ಲಿ ಯಾವ ಹತ್ತು ಪದದ ಕಾರ್ಡು ಓದಿಸುತ್ತಾರೆಂದು ನೋಡಿ ನೋಡಿ ಗೊತ್ತಿತ್ತಲ್ಲ, ಅವೇ ಪದಗಳನ್ನು ಅದೇ ಸಾಲಿನಲ್ಲಿ ಮನೆಯಲ್ಲಿ ಕಾರ್ಡಿಗೆ ಬರೆದೆ. ಎಂಟು ದಿನ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದೆ. ಪಾಪ, ಆಡಲೂ ಹೋಗದೆ ಕಲಿತಳು.

ಶಿಬಿರದಲ್ಲಿ ತಪಾಸಣೆ ಮಾಡುವ ಮೇಡಂ ಒಂದೊಂದೇ ಕಾರ್ಡು ಹಿಡಿದರು. "ಮರ, ಸರ, ಬಳಪ" ಎಂದು ಸುಮಾ ಹತ್ತನ್ನೂ ಗಡಗಡ ಹೇಳಿದಳು. ನಾನು ಬೀಗಿದೆ. ಮೇಡಂ ಕಾರ್ಡು ಕಲಸಿ ಮತ್ತೆ ಹಿಡಿದರು. ಸುಮಾ ಕಾರ್ಡಿನತ್ತ ನೋಡಲೇ ಇಲ್ಲ. ನನ್ನ ಮುಖ ನೋಡುತ್ತ ಅದೇ ಹತ್ತನ್ನು ಅದೇ ಸಾಲಿನಲ್ಲಿ ಒಪ್ಪಿಸಿದಳು.

"ಸರ, ನೀವ ಕಲಿಸಿ ಕರಕೊಂಡು ಬಂದೀರೇನ್ರಿ?" ಅಂದರು ಮೇಡಂ.

ಸುಮಾ ನನ್ನ ಅಂಗಿ ಜಗ್ಗಿ, "ತಪ್ಪಾತೇನಪ್ಪಾ? ಇನ್ನೊಮ್ಮೆ ಹೇಳ್ತೀನಿ, ಸಿಟ್ಟಾಗಬ್ಯಾಡ" ಅಂದಳು. ನೆಲ ಬಿರಿದು ನುಂಗಬಾರದೇ ಅನಿಸಿತು.

ನಮ್ಮ ಹಿಂದೆ ಸರದಿಯಲ್ಲಿ ಮಗನ ಮರುತಪಾಸಣೆಗೆ ಬಂದಿದ್ದ ಹುಲಿಗೆಮ್ಮ ಕೂತಿದ್ದಳು. ಕೂಲಿಗೆ ಹೋಗುವ ಹೆಣ್ಣುಮಗಳು. ಹಿಂದಿನ ವರ್ಷ ಅವಳ ಮಗನನ್ನು ನಾನೇ ಒತ್ತಾಯ ಮಾಡಿ ಇಲ್ಲಿಗೆ ಕರೆಸಿದ್ದೆ. ಎಲ್ಲ ಕೇಳಿಸಿಕೊಂಡಿದ್ದಾಳೆ, ಈಗ ಚುಚ್ಚುತ್ತಾಳೆ ಅಂದುಕೊಂಡೆ. ವಿಶೇಷ ಶಿಕ್ಷಕಿಗಾಗಿ ಮೇಡಂ ಕೊಟ್ಟ ಅರ್ಜಿ ಹಿಡಿದು ನಾನು ಸಹಿ ಮಾಡದೆ ನಿಂತಿದ್ದರೆ ಅವಳೇ ಎದ್ದು ಬಂದಳು.

"ಯಾಕ ನಿಂತ್ರಿ ಸರ? ನಾಚಿಕಿ ಎಂಥದು ಅಂತ ನೀವ ಹೇಳಿದ್ರಲ್ರಿ. ನಮ್ಮ ಹುಡುಗ ಈಗ ಹೆಸರು ಬರೀತಾನ. ಸಹಿ ಇಲ್ಲಿ ಮಾಡ್ರಿ, ಹೋದ ವರ್ಷ ನಾನು ಹೆಬ್ಬಟ್ಟು ಒತ್ತಿದ್ದು ಇಲ್ಲೇ" ಎಂದು ಬೆರಳಿಟ್ಟು ತೋರಿಸಿದಳು. ಅವಳು ತೋರಿಸಿದ ಜಾಗದಲ್ಲಿ ಸಹಿ ಮಾಡಿದೆ.

ಈಗ ಹಿಂಜರಿಯುವ ಪಾಲಕರಿಗೆ ನನ್ನ ಮಗಳ ವಿಷಯವನ್ನೇ ಹೇಳುತ್ತೇನೆ. ಕಾರ್ಡಿನ ಸಂಗತಿ ಮಾತ್ರ ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ. ಅಪ್ಪ ಬರೆದುಕೊಟ್ಟದ್ದು ಅಂತ ಸುಮಾ ಆ ಕಾರ್ಡುಗಳನ್ನು ಜೋಪಾನ ಮಾಡಿದ್ದಾಳೆ. ಹತ್ತರಲ್ಲಿ ಆರನ್ನು ಈಗ ನಿಜವಾಗಿಯೂ ಓದುತ್ತಾಳೆ. ಓದಿ, ಸರಿಯಾಯಿತೇ ಎಂದು ನನ್ನ ಮುಖ ನೋಡುತ್ತಾಳೆ. ಆಗ ಅವಳ ಮುಖ ನೋಡುವುದು ನನಗೆ ಇಂದಿಗೂ ಕಷ್ಟ.