ಅಳಿಯನಿಗಾಗಿ ಗೋಧಿಯಿಲ್ಲದ ಹೂರಣ

ದರ್ಜಿಗೆ ಗೋಧಿ ಒಗ್ಗುವುದಿಲ್ಲ ಎಂದು ಗೊತ್ತಾದದ್ದು ಮದುವೆಯಾದ ಮರುವರ್ಷ. ಅದರಲ್ಲಿರುವ ಗ್ಲುಟನ್ ಎಂಬ ಅಂಟಿನಂಶ ಚಿಟಿಕೆಯಷ್ಟು ಒಳಗೆ ಹೋದರೂ ಕರುಳು ಹಿಂಡಿದಂತಾಗಿ ಹಾಸಿಗೆ ಹಿಡಿಯುತ್ತಿದ್ದ. ಅಂದಿನಿಂದ ವರ್ಷದ ಕೊನೆಯ ರಜೆಯಲ್ಲಿ ಅತ್ತೆಯ ಮನೆಗೆ ಹೋಗುವಾಗಲೆಲ್ಲ ಬುತ್ತಿ ಕಟ್ಟಿಕೊಂಡೇ ಹೋಗುತ್ತಿದ್ದ. ಮೇಜಿನ ನಡುವೆ ಇಡಿಯಾಗಿ ಸುಟ್ಟ ಟರ್ಕಿ ಕೋಳಿ, ಅದರ ಹೊಟ್ಟೆಯ ತುಂಬ ಬ್ರೆಡ್ಡಿನ ಹೂರಣ. ಎಲ್ಲರೂ ಬಾಯಿ ಚಪ್ಪರಿಸುವಾಗ ಅವನು ಒಂದು ತುದಿಯಲ್ಲಿ ತನ್ನ ತಣ್ಣನೆಯ ಅನ್ನ ಕಲಸುತ್ತಿದ್ದ. ಯಾರನ್ನೂ ದೂರಿದವನಲ್ಲ.

ಈ ಸಲ ಅತ್ತೆಯೇ ಫೋನ್ ಮಾಡಿದರು. "ಅಳಿಯಂದ್ರೇ, ಡಬ್ಬಿ ಗಿಬ್ಬಿ ತರಬೇಡಿ. ಬೆಳಿಗ್ಗೆನೇ ಬಂದ್ಬಿಡಿ. ಹೂರಣಕ್ಕೆ ಏನು ಹಾಕಬಹುದು, ಏನು ಹಾಕಬಾರದು, ನೀವೇ ನಿಂತು ಹೇಳಿ."

ಬಸ್ ಓಡಿಸುವ ಹೆಂಡತಿಗೆ ಮಧ್ಯಾಹ್ನದವರೆಗೆ ಪಾಳಿ. ದರ್ಜಿ ಒಬ್ಬನೇ ಹೋದ. ಅತ್ತೆ ಅಡುಗೆಮನೆಯ ಕಪಾಟುಗಳನ್ನೆಲ್ಲ ಒರೆಸಿ, ತರಕಾರಿ ಹೆಚ್ಚಲು ಹೊಸ ಹಲಗೆ ತಂದಿಟ್ಟಿದ್ದರು. ಬ್ರೆಡ್ಡಿನ ಬದಲು ಉದುರುದುರಾಗಿ ಮಾಡಿದ ಅನ್ನ. ಇಬ್ಬರೂ ಈರುಳ್ಳಿ, ಅಣಬೆ, ಸೇಬು ಹೆಚ್ಚಿ ಬೆಣ್ಣೆಯಲ್ಲಿ ಬಾಡಿಸಿದರು. ಅಕ್ರೋಟು ಜಜ್ಜಿ ಹಾಕಿದರು. ಅನ್ನ ಬೆರೆಸಿ, ಮೇಲೆ ಪೊಟ್ಟಣದ ಸೂಪಿನ ಪುಡಿ ಉದುರಿಸಿದ್ದೇ ಮನೆಯೆಲ್ಲ ಘಮಘಮ.

ಖಾಲಿ ಪೊಟ್ಟಣವನ್ನು ಕಸದ ಬುಟ್ಟಿಗೆ ಹಾಕಹೋದ ದರ್ಜಿಯ ಕೈ ತಡೆಯಿತು. ಹಿಂಬದಿಯಲ್ಲಿ ಚಿಕ್ಕ ಅಕ್ಷರದಲ್ಲಿ 'ಗೋಧಿ ಹಿಟ್ಟು' ಎಂದಿತ್ತು. ಹೇಳಿದರೆ ಅತ್ತೆಯ ಮನಸ್ಸು ಮುರಿಯುತ್ತದೆ. ಹಸಿವಿಲ್ಲವೆಂದು ಸುಳ್ಳು ಹೇಳಿ ಜಾರಿಕೊಳ್ಳೋಣವೇ ಎನ್ನಿಸಿತು.

"ಯಾಕೆ, ಮುಖ ಹಾಗೆ ಮಾಡ್ಕೊಂಡ್ರಿ?"

"ಅತ್ತೆ... ಇದರಲ್ಲಿ ಗೋಧಿ ಇದೆ."

ಅತ್ತೆ ಕನ್ನಡಕ ಏರಿಸಿ ಓದಿದರು. ಕುರ್ಚಿಯಲ್ಲಿ ಕುಸಿದರು. "ಅಯ್ಯೋ, ನನ್ನ ಕೈಯಾರೆ ನಿಮ್ಮನ್ನ ಮಲಗಿಸ್ತಿದ್ನಲ್ಲ!"

"ಬಿಡಿ ಅತ್ತೆ, ನನಗೆ ಒಂದಿಷ್ಟು ಬರೀ ಅನ್ನ ಸಾಕು."

"ಸಾಕಂತೆ ಸಾಕು! ಇಷ್ಟು ವರ್ಷ ಸಾಕು ಸಾಕು ಅಂದಿದ್ದೇ ಸಾಕು. ಇದನ್ನ ಪಕ್ಕದ ಮನೆಯವರಿಗೆ ಕೊಟ್ಟು ಬನ್ನಿ. ಈರುಳ್ಳಿ ಇನ್ನೂ ಇದೆ."

ಅವನು ವಾಪಸ್ಸು ಬರುವಷ್ಟರಲ್ಲಿ ಒಲೆಯ ಮೇಲೆ ಅಕ್ಕಿ ಕುದಿಯುತ್ತಿತ್ತು. ಪಕ್ಕದಲ್ಲಿ, ಪುಡಿಯ ಬದಲಿಗೆಂದು, ಕೋಳಿಯ ಕತ್ತಿನ ಮೂಳೆ ಬೇಯುತ್ತಿತ್ತು. ದರ್ಜಿ ಬಾಣಲೆ, ಸೌಟುಗಳನ್ನು ತಿಕ್ಕಿ ತಿಕ್ಕಿ ತೊಳೆದ. ಎಲ್ಲ ಮತ್ತೆ ಮೊದಲಿನಿಂದ. ಹೂರಣ ತುಂಬಿದ ಮೇಲೆ ಕೋಳಿಯ ಹೊಟ್ಟೆ ಹೊಲಿಯುವ ಕೆಲಸ ಅವನ ಪಾಲಿಗೆ ಬಂತು.

"ಅಳತೆ ತಗೊಳ್ಳದೆ ಹೊಲೀತಿರೋದು ಇದೇ ಮೊದಲು ಅತ್ತೆ."

"ಗಿರಾಕಿ ತಕರಾರು ಮಾಡಲ್ಲ, ಹೊಲೀರಿ."

ಊಟ ಸಂಜೆಗೆ ಜಾರಿತು. ಹಸಿದು ಬಂದ ಹೆಂಡತಿ ಗೊಣಗಿದಳು. ತಡವಾದದ್ದೇಕೆಂದು ತಿಳಿದ ಮೇಲೆ ತಾಯಿಯ ಹೆಗಲು ಬಳಸಿ ನಿಂತಳು. ಅತ್ತೆ ಮೊದಲು ಬಡಿಸಿದ್ದು ಅಳಿಯನಿಗೆ. ಬಿಸಿ ಬಿಸಿ ಹೂರಣ ಬಾಯಿಗಿಟ್ಟವನು ಕಣ್ಣು ಮುಚ್ಚಿ ನಿಧಾನವಾಗಿ ಅಗಿದ.

"ಉಪ್ಪು ಕಮ್ಮಿನಾ?"

ಅವನು ಇಲ್ಲವೆಂದು ತಲೆಯಾಡಿಸಿದ. ತಟ್ಟೆಯನ್ನು ಮತ್ತೆ ಮುಂದೆ ಚಾಚಿದ.

ಮರುದಿನ ಹೊಟ್ಟೆ ತಣ್ಣಗಿತ್ತು. ಅಂಗಡಿಯಲ್ಲಿ, ಪ್ಯಾಂಟು ಗಿಡ್ಡ ಮಾಡಿಸಲು ಬಂದ ಅಪರಿಚಿತನೊಬ್ಬನನ್ನು ಕೂರಿಸಿಕೊಂಡು, ತನ್ನ ಅತ್ತೆ ಎಂಥವರೆಂದು ಬಾಯ್ತುಂಬ ಹೇಳಿದ.