ಮೊದಲ ತುತ್ತು ಭೀಮಮ್ಮನದು

ಬೆಳಗಿನ ಐದು ಗಂಟೆ. ಕಲ್ಯಾಣ ಪೂರ್ವದ ಚಾಳಿನ ಕೋಣೆಯೊಂದರಲ್ಲಿ ಭೀಮಮ್ಮ ಬೇಯಿಸಿದ ಕೆಸುವಿನ ಎಲೆಯ ಚೂರನ್ನು ಬಾಯಿಗೆ ಹಾಕಿಕೊಂಡು ಗೋಡೆ ಗಡಿಯಾರ ನೋಡುತ್ತಾ ಕುಳಿತಿದ್ದಾರೆ. ಕಾಲು ಗಂಟೆಯೊಳಗೆ ಗಂಟಲು ತುರಿಸದಿದ್ದರೆ ಬಾಗಿಲ ಬಳಿಯ ಎರಡು ಬುಟ್ಟಿ ರೈಲು ಹತ್ತುತ್ತವೆ. ತುರಿಸಿದರೆ ಅಲ್ಲೇ ಉಳಿಯುತ್ತವೆ. ಮೊನ್ನೆ ಬುಧವಾರ ಹೀಗೇ ಉಳಿದವು.

"ಹುಣಸಿಹಣ್ಣು ಹಾಕಿದ್ರ ತುರಿಕಿ ಅಡಗ್ತೈತ್ರಿ. ಎಲಿ ಗುಣಾ ತಿಳಿಯಂಗಿಲ್ಲ. ಅದಕ್ಕ ಸಪ್ಪಗ ತಿಂತೀನಿ," ಎನ್ನುತ್ತಾರೆ. ಇವತ್ತು ಶನಿವಾರ. ನೆರೂಳದಲ್ಲಿ ಉಡುಪಿ ಹೋಟೆಲು ನಡೆಸುವ ತಾರಾನಾಥರು ಒಂದು ವರ್ಷದ ಮುನಿಸು ಬಿಟ್ಟು, ನಾಳಿನ ಪತ್ರೊಡೆಗೆಂದು ಅರವತ್ತು ಕಟ್ಟು ಎಲೆ ಹೇಳಿದ್ದಾರೆ. ಸರಿಹೋದರೆ ಖಾಯಂ ಗಿರಾಕಿ. ಕೆಟ್ಟರೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ.

ಭೀಮಮ್ಮ ಯಾದಗಿರಿ ಕಡೆಯವರು. ಇಪ್ಪತ್ತೆರಡು ವರ್ಷದ ಹಿಂದೆ ಗಂಡ ಮಾಪಣ್ಣನ ಜೊತೆ ಕಟ್ಟಡದ ಕೆಲಸಕ್ಕೆ ಬಂದವರು. ಐದು ವರ್ಷದ ಹಿಂದೆ ಮಾಪಣ್ಣ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡರು. ಆಗ ಭೀಮಮ್ಮ ಸೊಪ್ಪಿನ ಬುಟ್ಟಿ ಹೊತ್ತರು. ಈಗ ಮಾಪಣ್ಣ ಕುಳಿತಲ್ಲೇ ಹತ್ತು ಹತ್ತು ಎಲೆ ಎಣಿಸಿ ಕಟ್ಟು ಕಟ್ಟುತ್ತಾರೆ. ಹರಿದ ಎಲೆಯೊಂದು ಕಟ್ಟಿನೊಳಗೆ ಸೇರಿದರೆ ಹೆಂಡತಿಯಿಂದ ಮಂಗಳಾರತಿ.

ಜೋಳದ ರೊಟ್ಟಿಯ ನಾಡಿನ ಹೆಣ್ಣಿಗೆ ಕೆಸುವಿನ ಎಲೆ ಗೊತ್ತಿರುವುದಾದರೂ ಹೇಗೆ? "ಎಲಿ ಅಂದ್ರ ಎಲಿ ಅಂದ್ಕೊಂಡಿದ್ದೆ," ಎಂದು ನಗುತ್ತಾರೆ. ಕಲ್ಯಾಣದ ಮಾರುಕಟ್ಟೆಯಲ್ಲಿ ಎರಡು ಬಗೆ ಸಿಗುತ್ತದೆ. ಹಸಿರು ದಂಟಿನದು ಮರಾಠಿಗರ ಭಾಜಿಗೆ, ಕಪ್ಪು ದಂಟಿನದು ಪತ್ರೊಡೆಯಂತೆ ಸುರುಳಿ ಸುತ್ತಿ ಬೇಯಿಸುವುದಕ್ಕೆ. ಹೋದ ಶ್ರಾವಣದಲ್ಲಿ ಭೀಮಮ್ಮ ಅಗ್ಗಕ್ಕೆ ಸಿಕ್ಕಿತೆಂದು ಭಾಜಿಯ ಎಲೆಯನ್ನೇ ಹೋಟೆಲಿಗೆ ಹಾಕಿಬಿಟ್ಟರು. ಭಾನುವಾರ ಮಕ್ಕಳು ಮರಿ ಸಮೇತ ತಿಂಡಿಗೆ ಬಂದವರೆಲ್ಲ ಗಂಟಲು ಹಿಡಿದುಕೊಂಡು ಎದ್ದರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇಲ್ಲಿ ಬಾಯಿಗೆ ಬರೀ ತುರಿಕೆ. ಇನ್ನು ಈ ಕಡೆ ಬರಬೇಡಿ ಎಂದು ತಾರಾನಾಥರು ಮುಖಕ್ಕೆ ಹೊಡೆದಂತೆ ಹೇಳಿ ಕಳಿಸಿದರು. ಅವತ್ತಿನಿಂದ ಶುರುವಾದದ್ದು ಈ ಮುಂಜಾನೆಯ ತುತ್ತು.

ಕಾಲು ಗಂಟೆ ಕಳೆಯಿತು. ಗಂಟಲು ತೆಪ್ಪಗಿದೆ. ಭೀಮಮ್ಮ ಒಂದು ಲೋಟ ನೀರು ಕುಡಿದು ಬುಟ್ಟಿ ಎತ್ತುತ್ತಾರೆ. ಲಗೇಜ್ ಡಬ್ಬಿಯಲ್ಲಿ ಠಾಣೆ, ಅಲ್ಲಿ ಸೇತುವೆಯ ಮೆಟ್ಟಿಲು ಹತ್ತಿಳಿದು ಇನ್ನೊಂದು ಗಾಡಿ, ಎಂಟಕ್ಕೆ ನೆರೂಳ. ಹೋಟೆಲಿಗೆ ಅರವತ್ತು ಕಟ್ಟು ಒಪ್ಪಿಸಿ, ಉಳಿದ ಹದಿನೈದನ್ನು ಸ್ಟೇಷನ್ ಹೊರಗೆ ಬಸಳೆಯ ಜೊತೆ ಹರವುತ್ತಾರೆ. ರಜೆಯ ದಿನ, ಚೀಲ ಹಿಡಿದವರ ಜಾತ್ರೆ. "ತೇವು ಉಂಡಾ?" ಎಂದು ತುಳುವಿನಲ್ಲಿ ಯಾರೋ ಕೆಸುವಿನ ಎಲೆ ಇದೆಯಾ ಅಂತ ಕೇಳುತ್ತಾರೆ. "ಉಂಡು, ಉಂಡು! ತಗೋರಿ," ಎನ್ನುತ್ತಾರೆ ಯಾದಗಿರಿಯ ಭೀಮಮ್ಮ. ವ್ಯಾಪಾರ ಜೋರಾಗಿಯೇ ಇದೆ, ಮನಸ್ಸು ಮಾತ್ರ ಹೋಟೆಲಿನ ಒಲೆಯ ಮೇಲೆ.

ಹನ್ನೊಂದಕ್ಕೆ ಹೋಟೆಲಿನಿಂದ ಕರೆ ಬರುತ್ತದೆ, ಭೀಮಮ್ಮ ಹೋಗುತ್ತಾರೆ. ನಾಳೆಗೆ ಮುಂಚೆ ಒಂದು ಸುರುಳಿ ಬೇಯಿಸಿ ನೋಡಿದ್ದಾರೆ. ತಾರಾನಾಥರು ಒಂದು ತುಂಡು ತಿಂದು, ಸ್ವಲ್ಪ ಕಾದು, ಇನ್ನೊಂದು ತಿನ್ನುತ್ತಾರೆ. ಪಕ್ಕದಲ್ಲಿ ಕುಳಿತ ಅವರ ಹೆಂಡತಿಗೆ ತಡೆಯಲಾಗುವುದಿಲ್ಲ.

"ಇನ್ನೂ ಎಂತ ಪರೀಕ್ಷೆ? ಮನೆಯಲ್ಲಿ ಆರು ತಿಂಗಳಿಂದ ಇವರದ್ದೇ ಎಲೆ. ಎರಡೆರಡು ಸಲ ಹಾಕಿಸಿಕೊಂಡು ತಿಂದದ್ದು ಮರ್ತುಹೋಯ್ತಾ?"

ಹೆಂಡತಿ ಸ್ಟೇಷನ್ ಹೊರಗೆ ಭೀಮಮ್ಮನ ಹತ್ತಿರವೇ ಎಲೆ ಕೊಳ್ಳುತ್ತಿದ್ದ ಈ ಗುಟ್ಟು ಹೋದ ವಾರವಷ್ಟೇ ತಾರಾನಾಥರಿಗೆ ತಿಳಿದದ್ದು. ಇವತ್ತಿನ ಆರ್ಡರಿನ ಮೂಲವೂ ಅದೇ. ಅವರು ಪೆಚ್ಚಾಗಿ ನಗುತ್ತಾರೆ. "ಗಂಟ್ಲಿಗೆ ಏನೂ ಆಗ್ಲಿಲ್ಲ ಮಾರಾಯ್ರೆ. ಇನ್ನು ಬುಧವಾರ, ಶನಿವಾರ ಎರಡೂ ದಿನ ಬೇಕು. ತಪ್ಪಿಸ್ಬಾರ್ದು."

ಬೇರೆಯವರಾಗಿದ್ದರೆ ಹೂಂ ಅಂದುಬಿಡುತ್ತಿದ್ದರು. ಭೀಮಮ್ಮ ಸೆರಗು ಸರಿಮಾಡಿಕೊಂಡು, "ಮಾತು ಕೊಡಂಗಿಲ್ರಿ ಅಣ್ಣಾರ. ಚಲೋ ಎಲಿ ಸಿಕ್ರ ತರ್ತೀನಿ. ಸಿಗದಿದ್ರ ಬರಿಗೈಲೆ ಬಂದು ಹೇಳಿ ಹೋಗ್ತೀನಿ," ಎನ್ನುತ್ತಾರೆ.

ತಾರಾನಾಥರು ತಲೆಯಾಡಿಸಿ, "ಆಯ್ತು, ಹಾಗೇ ಆಗ್ಲಿ. ಆದ್ರೆ ಸಿಗದ ದಿನ ಒಂದು ಫೋನ್ ಮಾಡಿದ್ರೆ ಸಾಕಲ್ಲ, ಅಷ್ಟು ದೂರದಿಂದ ಸುಮ್ನೆ ಬರುದು ಯಾಕೆ?" ಎಂದು ಕೇಳುತ್ತಾರೆ.

"ಫೋನಿನ್ಯಾಗ ಹೇಳಿದ್ರ ನೆಪ ಅನ್ನಸ್ತೈತ್ರಿ," ಎನ್ನುತ್ತಾರೆ ಭೀಮಮ್ಮ. "ಇಲ್ಲ ಅನ್ನೂ ಮಾತನ್ನ ನಿಮ್ಮ ಮುಂದ ನಿಂತ ಹೇಳ್ತೀನಿ."