ರೊಟ್ಟಿ ಬುತ್ತಿಗೆ ಎರಡು ದೇಶದ ವಿಚಾರಣೆ

ಭಯೋತ್ಪಾದನೆ ತಡೆಯಲು ದೇಶದೇಶಗಳು ಕಾನೂನಿನಲ್ಲಿ ಕೈಜೋಡಿಸಬೇಕು ಎಂದು ಪೇಪರಿನಲ್ಲಿ ಓದಿದಾಗಲೆಲ್ಲ, ಜೋಡಿಸಲಿ ಬಿಡು ಎಂದುಕೊಂಡು ಪುಟ ತಿರುವುತ್ತಿದ್ದೆ. ಅವರು ಜೋಡಿಸಿದ ಕೈ ಸೀದಾ ಸಂಡೂರಿನ ನನ್ನ ಅಡುಗೆಮನೆಗೇ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು?

ನಮ್ಮ ಮಾಳಿಗೆಯ ಮೇಲಿನ ಕೋಣೆಯಲ್ಲಿ ಯುರೋಪಿನ ಹುಡುಗಿಯೊಬ್ಬಳು ಬಾಡಿಗೆಗಿದ್ದಳು. ಸಂಡೂರಿನ ಗುಡ್ಡಗಳ ಕಲ್ಲಿನ ಮೇಲೆ ಅವಳ ಸಂಶೋಧನೆ. ಹಗಲೆಲ್ಲ ಅಲೆದು, ಕೆಂಪು ಧೂಳು ಮೆತ್ತಿಕೊಂಡು ಬಂದು, ಅಡುಗೆಮನೆಯ ಹೊಸ್ತಿಲ ಮೇಲೆಯೇ ಕೂತುಬಿಡುತ್ತಿದ್ದಳು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು, ಊರಿನ ಅರ್ಧ ಜನ ನನ್ನಿಂದ ಬೈಸಿಕೊಂಡವರು. ಹೊಸ್ತಿಲ ಮೇಲೆ ಕೂರಬಾರದೆಂದು ಅವಳಿಗೂ ಬೈದೆ. ನಕ್ಕು ಇನ್ನೊಂದು ರೊಟ್ಟಿ ಕೇಳಿದಳು. ಅಲ್ಲಿಗೆ ನಾನು ಸೋತೆ.

ಅವಳು ಊರಿಗೆ ಹೊರಟ ದಿನ ಬುತ್ತಿ ಕಟ್ಟಿದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ, ಶೇಂಗಾ ಹೋಳಿಗೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಹೊಸಪೇಟೆ ಮುಟ್ಟುವುದರೊಳಗೆ ರೊಟ್ಟಿ ನುಚ್ಚಾಗುತ್ತದೆ. ಆಗ ಗೂಟಕ್ಕೆ ನೇತುಬಿದ್ದಿದ್ದ ನಮ್ಮ ಯಜಮಾನರ ದಪ್ಪ ಖಾಕಿ ಚೀಲ ಕಣ್ಣಿಗೆ ಬಿತ್ತು.

ಯಜಮಾನರು ಗಣಿಯಲ್ಲಿ ಬ್ಲಾಸ್ಟರ್ ಆಗಿದ್ದವರು. ಬಂಡೆಗೆ ಕೊರೆದ ಕುಳಿಯಲ್ಲಿ ಮದ್ದು ತುಂಬಿ ಸಿಡಿಸುವ ಕೆಲಸ. ಆ ಮದ್ದನ್ನು ಹೊತ್ತು ತಿರುಗಿದ ಚೀಲ ಅದು. ನಿವೃತ್ತಿಯಾದಾಗ ಸುಮ್ಮನೆ ಮನೆಗೆ ತಂದಿದ್ದರು. ನಾನೇ ಸೋಪು ಹಾಕಿ ಕುಕ್ಕಿ ಕುಕ್ಕಿ ಒಗೆದು ಬಿಸಿಲಿಗೆ ಹಾಕಿದ್ದೆ. ನಮ್ಮೂರಲ್ಲಿ ಗಣಿಯ ಚೀಲದಲ್ಲಿ ಉಳ್ಳಾಗಡ್ಡಿ ತುಂಬಿಡದ ಮನೆ ಯಾವುದಿದೆ? ಯಾರ ಮನೆಯೂ ಹಾರಿಹೋಗಿಲ್ಲ.

ಅವತ್ತು ಯಜಮಾನರು ಕಂಪ್ಲಿಗೆ ಹೋಗಿದ್ದರು. ಸಂಜೆ ಬಂದು ಖಾಲಿ ಗೂಟ ನೋಡಿ ಚೀಲವೆಲ್ಲಿ ಎಂದರು. ಹೇಳಿದೆ. ಅವರು ಮುಟ್ಟದ ಚಹಾ ಹಾಗೇ ಆರಿತು.

ಅವಳ ದೇಶದ ವಿಮಾನ ನಿಲ್ದಾಣದ ಯಂತ್ರವೊಂದು ಆ ಚೀಲವನ್ನು ಮೂಸಿ, ಇದರಲ್ಲಿ ಸ್ಫೋಟಕದ ಅಂಶವಿದೆ ಎಂದು ಕಿರುಚಿತಂತೆ. ನನ್ನ ಸೋಪು, ನನ್ನ ರಟ್ಟೆ, ಯಾವುದಕ್ಕೂ ಆ ಯಂತ್ರ ಮರ್ಯಾದೆ ಕೊಡಲಿಲ್ಲ. ಹುಡುಗಿಯ ಮೇಲೆ ಕೇಸಾಯಿತು. ಪಾಸ್‌ಪೋರ್ಟ್ ಕಿತ್ತುಕೊಂಡರು, ವಿಶ್ವವಿದ್ಯಾಲಯದವರು ಒಳಗೆ ಬರಬೇಡ ಎಂದರು. ಇಂಡಿಯಾದ ಅಜ್ಜಿ ಕೊಟ್ಟ ಚೀಲ ಎಂದು ಅವಳು ಹೇಳಿದ್ದನ್ನು ಯಾರೂ ನಂಬಲಿಲ್ಲ. ನಾನು ಅಜ್ಜಿ ಅಲ್ಲ, ಅದು ಬೇರೆ ಮಾತು.

ಇದೆಲ್ಲ ನಮಗೆ ತಿಳಿದದ್ದು ತಿಂಗಳುಗಳಾದ ಮೇಲೆ, ಠಾಣೆಯ ಪೇದೆಯೊಬ್ಬ ಬಾಗಿಲಿಗೆ ಬಂದಾಗ. ಅವನು ನನ್ನ ಹಳೆಯ ವಿದ್ಯಾರ್ಥಿ, ಕೂರು ಎಂದರೂ ಕೂರಲಿಲ್ಲ. ಆ ದೇಶದ ಕೋರ್ಟು ನಮ್ಮ ದೇಶದ ಸಹಾಯ ಕೇಳಿದೆ, ಕಾಗದ ದಿಲ್ಲಿಗೆ ಬಂದು, ಬೆಂಗಳೂರಿಗೆ ಇಳಿದು, ಹೊಸಪೇಟೆಗೆ ಮುಟ್ಟಿ ಇಲ್ಲಿಗೆ ಬಂದಿದೆ, ಹೊಸಪೇಟೆ ಕೋರ್ಟಿನಲ್ಲಿ ವಿಡಿಯೋ ಮೂಲಕ ನಮ್ಮಿಬ್ಬರ ಸಾಕ್ಷಿ ಆಗಬೇಕು ಎಂದ. ಪಕ್ಕದ ಕಂಪ್ಲಿಯ ನನ್ನ ತಂಗಿಗೆ ಅಂಚೆಯಲ್ಲಿ ಹಾಕಿದ ಲಗ್ನಪತ್ರಿಕೆ ಇನ್ನೂ ಮುಟ್ಟಿಲ್ಲ. ಇದು ಮಾತ್ರ ಸಮುದ್ರ ದಾಟಿ ಮನೆ ಹುಡುಕಿಕೊಂಡು ಬಂದಿತ್ತು.

ಪೇದೆ ಹೋದ ಮೇಲೆ ಯಜಮಾನರು ಮಾತಾಡಿದರು. ಮದ್ದಿನ ಚೀಲ ಗಣಿಯಿಂದ ಹೊರಗೆ ತರುವಂತಿಲ್ಲವಂತೆ, ಅಲ್ಲೇ ಸುಟ್ಟುಹಾಕಬೇಕಂತೆ. ಈ ವಯಸ್ಸಿನಲ್ಲಿ ಜೈಲು ಗ್ಯಾರಂಟಿ ಎಂದು ಅವರ ಲೆಕ್ಕ. ಹೊಸಪೇಟೆ ಬಜಾರಿನಲ್ಲಿ ಕೊಂಡ ಚೀಲ ಎಂದುಬಿಡು ಎಂದು ಗಿಣಿಗೆ ಹೇಳಿಕೊಟ್ಟಂತೆ ಹೇಳಿಕೊಟ್ಟರು. ಬಂಡೆ ಸಿಡಿಸಿದ ಮನುಷ್ಯ ಹಲ್ಲಿ ಲೊಚಗುಟ್ಟಿದರೂ ಬೆಚ್ಚುತ್ತಿದ್ದರು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅವರು ಹೂಂ ಎಂದೇ ತಿಳಿದರು.

ಕೋರ್ಟಿನಲ್ಲಿ ಯಜಮಾನರನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಕರೆಂಟು ಏರುಪೇರಾಗಿ ಫ್ಯಾನು ತೂಕಡಿಸುತ್ತಿದ್ದುದರಿಂದ ಬಾಗಿಲು ತೆರೆದೇ ಇತ್ತು. ನ್ಯಾಯಾಧೀಶರ ಎದುರಿಗೆ ದೊಡ್ಡ ಪರದೆ. ಅದರಲ್ಲಿ ಆ ದೇಶದ ಸರ್ಕಾರಿ ವಕೀಲರು, ಅವರ ಆಚೆ ತನ್ನ ವಕೀಲರ ಪಕ್ಕ ನಮ್ಮ ಹುಡುಗಿ. ಕೆನ್ನೆ ಒಳಗೆ ಹೋಗಿತ್ತು.

ಇಲ್ಲೊಬ್ಬ ಎಳೆಯ ವಕೀಲ ಆ ಸರ್ಕಾರಿ ವಕೀಲರ ಪ್ರಶ್ನೆಗಳನ್ನು ಕನ್ನಡಕ್ಕೆ ತರುತ್ತಿದ್ದ. ಮೊದಲು ಕೆಂಪು ಪುಡಿಯ ಸಂಗತಿ. ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಎಂದೆ. ಅದಕ್ಕೆ ಎಣ್ಣೆ ಬೆರೆಸಿದರೆ ಏನಾಗುತ್ತದೆ ಎಂದು ಅವರು ಬಹಳ ಗಂಭೀರವಾಗಿ ಕೇಳಿದರು.

"ಎರಡು ರೊಟ್ಟಿ ಹೆಚ್ಚಿಗಿ ಹೋಗ್ತಾವ್ರಿ," ಎಂದೆ.

ನಮ್ಮ ನ್ಯಾಯಾಧೀಶರು ತಲೆ ತಗ್ಗಿಸಿ ಪೆನ್ನು ಹುಡುಕತೊಡಗಿದರು. ಪೆನ್ನು ಅವರ ಕೈಯಲ್ಲೇ ಇತ್ತು. ಪರದೆಯ ವಕೀಲರು ಹೋಳಿಗೆ ಇಷ್ಟು ದಿನ ಏಕೆ ಕೆಡುವುದಿಲ್ಲ, ಅದಕ್ಕೇನು ಸೇರಿಸುತ್ತೀರಿ ಎಂದೂ ಕೇಳಿದರು. ಬೆಲ್ಲ ಎಂದೆ. ಪ್ರಯೋಗಾಲಯದ ವರದಿಯಂತೆ ಈ ಯಾವ ಪದಾರ್ಥದಿಂದಲೂ ಅಪಾಯವಿಲ್ಲ ಎಂದು ಓದಿ ಹೇಳಿದರು. ನನ್ನ ಅಡುಗೆಗೆ ಇಂಥ ಹೊಗಳಿಕೆ ಯಾರೂ ಕೊಟ್ಟಿರಲಿಲ್ಲ.

ಆಮೇಲೆ ಆ ಪ್ರಶ್ನೆ ಬಂತು. ಚೀಲ ಎಲ್ಲಿಂದ ಬಂತು?

ಬಜಾರಿನದು ಎಂದರೆ ಅದರೊಳಗಿನ ಮದ್ದು ಹುಡುಗಿಯ ತಲೆಗೆ. ಗಣಿಯದು ಎಂದರೆ ಹೊರಗಿನ ಬೆಂಚಿನ ಮೇಲೆ ಕೂತವರ ತಲೆಗೆ. ವಕೀಲ ಪ್ರಶ್ನೆಯನ್ನು ಮತ್ತೆ ಕೇಳಿದ. ಪರದೆಯಲ್ಲಿ ಹುಡುಗಿ ನನ್ನನ್ನೇ ನೋಡುತ್ತಿದ್ದಳು.

"ಚೀಲ ನಂದ್ರಿ," ಎಂದಿತು ಬಾಗಿಲಿನಿಂದ ಒಂದು ದನಿ.

ಯಜಮಾನರು ಹೊಸ್ತಿಲಲ್ಲಿ ನಿಂತಿದ್ದರು. ಕರೆಯದೆ ಒಳಗೆ ಬರಬಾರದೆಂದು ನ್ಯಾಯಾಧೀಶರು ಗದರಿದರು. ಹೊರಗೆ ಹೋಗಿ, ಕರೆಸಿಕೊಂಡು, ಪ್ರಮಾಣ ಮಾಡಿ, ಅದೇ ಮಾತು ಮತ್ತೆ ಹೇಳಿದರು. ಯಾವ ಗಣಿ, ಎಂಥ ಮದ್ದು, ಏಕೆ ಮನೆಗೆ ತಂದೆ, ಎಲ್ಲ. ಇದರಿಂದ ನಿಮಗೇ ತೊಂದರೆ ಆಗಬಹುದು, ಗೊತ್ತೇ ಎಂದು ಪರದೆಯ ವಕೀಲರು ಕೇಳಿದರು.

"ಗೊತ್ತೈತ್ರಿ. ಭಾಳ ಅಂಜಿಕಿ ಆಗೇತಿ. ಆದ್ರ ಆ ಹುಡುಗಿ ನಮ್ಮನ್ಯಾಗ ಉಂಡಾಳ್ರಿ."

ಎಳೆಯ ವಕೀಲ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಪರದೆಯ ಸರ್ಕಾರಿ ವಕೀಲರು ತಮ್ಮ ಕಾಗದ ಮುಚ್ಚಿ, ಈ ಹೇಳಿಕೆ ಬಂದ ಮೇಲೆ ಕೇಸು ಮುಂದುವರಿಸಲು ಕಾರಣ ಕಾಣುವುದಿಲ್ಲ ಎಂದರು. ಹುಡುಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಯಜಮಾನರಿಂದ ಪೊಲೀಸರು ಒಂದು ಹೇಳಿಕೆ ಬರೆಸಿಕೊಂಡು, ಚೆನ್ನಾಗಿ ಬೈದು ಕಳಿಸಿದರು. ಬೈಸಿಕೊಂಡು ಅವರಿಗೆ ಅಭ್ಯಾಸವಿತ್ತು.

ಸಂಡೂರಿನ ಬಸ್ ಹತ್ತಿದೆವು. ಮದುವೆಯಾದಾಗಿನಿಂದ ಬಸ್ಸಿನಲ್ಲಿ ಕಿಟಕಿಯ ಸೀಟು ನನ್ನದು. ಅದಕ್ಕಾಗಿ ನಾನು ಅವರ ಕಾಲು ತುಳಿದದ್ದೂ ಉಂಟು. ಅವರು ಎಂದಿನಂತೆ ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟರು.

"ಇವತ್ತ ನೀವ ಕುಂದರ್ರಿ," ಎಂದೆ.